ಗೋಡೆಯ ತೇವ: ನೀರು ಬಂದ ದಾರಿ ಯಾವುದು?



ರಾಯಚೂರು ಎಂದೊಡನೆ ನಿಮಗೆ ನೆನಪಾಗುವುದು ಸುಡುಬಿಸಿಲು. ಅಂಥ ಸೀಮೆಯಲ್ಲಿ ತೇವದ ಮಾತೇಕೆ ಎಂದು ನೀವು ಕೇಳಬಹುದು. ಕಲ್ಮಲ, ಮಾನ್ವಿ, ದೇವದುರ್ಗದ ಕಡೆಯ ಹಳೆಯ ಮನೆಗಳನ್ನು ಕಟ್ಟಿದ್ದೇ ಬಿಸಿಲನ್ನು ತಡೆಯಲು. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು ನೀಡುವ ಈ ಮಣ್ಣು, ದಿನಗಟ್ಟಲೆ ಮಳೆ ಹಿಡಿದರೆ ನೀರು ಕುಡಿದು ಭಾರವಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಕುಸಿದವು. ಗೋಡೆ ಬಿದ್ದು ಪ್ರಾಣ ಕಳೆದುಕೊಂಡವರೂ ಇದ್ದರು. ಆದ್ದರಿಂದ ತೇವವನ್ನು ಕೇವಲ ಗೋಡೆಯ ಅಂದಗೇಡು ಎಂದು ಬಗೆಯಬಾರದು.

ಗೋಡೆಗೆ ನೀರು ಬರುವ ದಾರಿಗಳು ಮೂರು. ಮೊದಲನೆಯದು ಮೇಲಿನ ಸೋರಿಕೆ. ಎರಡನೆಯದು ನೆಲದಿಂದ ಏರುವ ನೀರು. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಗೋಡೆಯ ಸೂಕ್ಷ್ಮ ರಂಧ್ರಗಳು ನೀರನ್ನು ಎಳೆಯುತ್ತವೆ. ಇದೇ ಕೇಶಾಕರ್ಷಣ. ನೀರು ಆರಿದ ಮೇಲೆ ಉಳಿಯುವ ಬಿಳಿಯ ಪುಡಿ ಮಣ್ಣಿನ ಲವಣ. ಮೂರನೆಯದು ಗಾಳಿಯೊಳಗಿನ ಆವಿ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆ, ಅಡುಗೆಯ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ.

ಇವನ್ನು ಗುರುತಿಸಲು ಒಂದು ಸುಲಭ ಪ್ರಯೋಗವಿದೆ. ಒದ್ದೆ ಕಾಣುವ ಜಾಗದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಮೂಡಿದರೆ ನೀರು ಗಾಳಿಯಿಂದ ಬಂದದ್ದು. ಒಳಮೈಯಲ್ಲಿ ಮೂಡಿದರೆ ಗೋಡೆಯಿಂದ ಬಂದದ್ದು.

ದಾರಿ ತಿಳಿದ ಮೇಲೆ ಉಪಾಯ. ಗಾಳಿಯ ತೇವವಾದರೆ ಅಡುಗೆಯ ಆವಿ ಹೊರಹೋಗಲು ಕಿಟಕಿ, ಬೆಳಕಿಂಡಿ ತೆರೆಯಿರಿ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ನೆಲದ ತೇವವಾದರೆ ಬಚ್ಚಲ ನೀರು, ಮಳೆ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಹೊರಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗಿನ ತೇವ ಆರುವುದಕ್ಕೆ ದಾರಿಯಿಲ್ಲದೆ ಮಣ್ಣು ಮೆತ್ತಗಾಗುತ್ತದೆ. ಸುಣ್ಣದ ಗಾರೆ ತೇವವನ್ನು ಆರಗೊಡುತ್ತದೆ.

ಮಾಳಿಗೆಯ ಸೋರಿಕೆಗೆ ನಮ್ಮ ಹಿರಿಯರ ಉಪಾಯವನ್ನು ಗಮನಿಸಿ. ಹೊಲದಲ್ಲಿ ಸವಳು ಕಂಡರೆ ರೈತ ಕಂಗೆಡುತ್ತಾನೆ. ಅದೇ ಸವಳು ಮಣ್ಣನ್ನು ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹರಡುತ್ತಾನೆ. ಕಾರಣ ಅದರಲ್ಲಿರುವ ಸೋಡಿಯಂ. ನೀರು ಬಿದ್ದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಬೆಳೆಗೆ ಕೆಡುಕಾದ ಗುಣವೇ ಇಲ್ಲಿ ಮನೆಗೆ ಮರೆಯಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮಳೆ ಹಿಡಿದಾಗ ಗೋಡೆ ಉಬ್ಬಿದರೆ, ಹೊಸ ಬಿರುಕು ಬಿಟ್ಟರೆ ಅಥವಾ ಜಂತಿ ಬಾಗಿದರೆ ಆ ರಾತ್ರಿ ಅಲ್ಲಿ ಯಾರೂ ಮಲಗಬಾರದು. ಮಳೆ ನಿಂತ ಮೇಲೂ ಒದ್ದೆಗೋಡೆ ಬೀಳಬಹುದು. ಇದನ್ನು ನಿಮ್ಮ ಮನೆಯ ಹಿರಿಯರಿಗೆ ತಿಳಿಸಿ ಹೇಳಿ.