ಅಯ್ಯೂಬರ(ಅ) ಅರಿಕೆ



ರೋಗಿಯು ನೋವೆಂದು ನರಳಿದರೆ 'ಸಬ್ರ್ ಮಾಡು' ಎಂದು ಬಾಯಿ ಮುಚ್ಚಿಸುವವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಪ್ರವಾದಿ ಅಯ್ಯೂಬರು(ಅ) ಏನು ಮಾಡಿದರು? ಪವಿತ್ರ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯದ 83ನೆಯ ಸೂಕ್ತವನ್ನು ನೋಡಿರಿ. ತನಗೆ ಸಂಕಟ ತಗಲಿದೆಯೆಂದೂ ಅಲ್ಲಾಹನು ಪರಮ ಕರುಣಾಳುವೆಂದೂ ಅರಿಕೆ ಮಾಡಿಕೊಂಡರು, ಅಷ್ಟೇ. ಗುಣಪಡಿಸೆಂಬ ಮಾತೂ ಅದರಲ್ಲಿಲ್ಲ. ಮುಂದಿನ ಸೂಕ್ತದಲ್ಲೇ ಉತ್ತರ ಬಂತು! ಹೀಗೆ ನೋವು ತೋಡಿಕೊಂಡವರನ್ನೇ ಸ್ವಾದ್ ಅಧ್ಯಾಯದ 44ನೆಯ ಸೂಕ್ತವು ಸಹನಶೀಲರೆಂದು ಪ್ರಶಂಸಿಸಿದೆ.

ಅದೇ ಅಧ್ಯಾಯದ 42ನೆಯ ಸೂಕ್ತ ನನಗೆ ಇನ್ನೂ ಪ್ರಿಯವಾದುದು. ಕಾಲಿನಿಂದ ನೆಲವನ್ನು ಒದೆಯಲು ಆ ರೋಗಿಗೇ ಆಜ್ಞೆಯಾಯಿತು. ಸ್ನಾನಕ್ಕೂ ಕುಡಿಯುವುದಕ್ಕೂ ತಣ್ಣೀರು ಅಲ್ಲಿ ದೊರೆಯಿತು. ಬಯಸಿದ್ದರೆ ಅಲ್ಲಾಹನು ನೀರಿಲ್ಲದೆಯೂ ಗುಣಪಡಿಸುತ್ತಿದ್ದನು. ದುಆ ಇದೆಯಲ್ಲ ಎಂದು ಮಾತ್ರೆ ನಿಲ್ಲಿಸಿದವರನ್ನು ಕಂಡಾಗಲೆಲ್ಲ ನನಗೆ ಆ ತಣ್ಣೀರು ನೆನಪಾಗುತ್ತದೆ.