ಹೆಲ್ಮೆಟ್ ಬೇಡಿದ ವೈದ್ಯರು

ಹೆಲ್ಮೆಟ್ ಎಂದೊಡನೆ ನಮಗೆ ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರು ನೆನಪಾಗುತ್ತಾರೆ. ಆದರೆ ಅದು ಬೇಕೇಬೇಕೆಂದು ಮೊದಲು ಹಟ ಹಿಡಿದವರು ವೈದ್ಯರು.

ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮೋಟಾರ್‌ಸೈಕಲ್ ರೇಸಿನಲ್ಲಿ ತಲೆ ಒಡೆದುಕೊಂಡವರಿಗೆ ಚಿಕಿತ್ಸೆ ಮಾಡಿ ಮಾಡಿ ನೊಂದ ಡಾ. ಎರಿಕ್ ಗಾರ್ಡ್ನರ್, ಕ್ಯಾನ್ವಾಸಿಗೆ ಅರಗು ಬಳಿದು ಗಟ್ಟಿಮಾಡಿದ ಹೆಲ್ಮೆಟ್ ಮಾಡಿಸಿದರು. 1914ರ ಐಲ್ ಆಫ್ ಮ್ಯಾನ್ ರೇಸಿಗೆ ಅದು ಕಡ್ಡಾಯವಾಯಿತು. ರಸ್ತೆಯ ಸವಾರ ಬರಿದಲೆಯಲ್ಲೇ ಉಳಿದ.

1935ರ ಮೇ 13. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್‌ಸೈಕಲ್ಲಿನಿಂದ ಎಗರಿ ಬಿದ್ದರು. ಆರು ದಿನಗಳ ಮೇಲೆ ತೀರಿಕೊಂಡರು. ಅವರನ್ನು ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರಿದ್ದರು. ಮರುಗಿ ಸುಮ್ಮನಾಗದೆ ಕೇರ್ನ್ಸ್ ಲೆಕ್ಕ ಹಾಕುತ್ತ ಕೂತರು. ಎರಡನೇ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರ್‌ಸೈಕಲ್ ಸವಾರರು 2,279. ಹೆಲ್ಮೆಟ್ ಹಾಕಿಕೊಂಡು ಗಾಯಗೊಂಡವರು ಕೇರ್ನ್ಸ್ ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಉಳಿದುಕೊಂಡಿದ್ದರು! 1941ರ ಅಕ್ಟೋಬರ್‌ನಲ್ಲಿ ಅವರ ಲೇಖನ ಪ್ರಕಟವಾಯಿತು. ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಜನಸಾಮಾನ್ಯರಿಗೆ ಕಾನೂನು ಬಂದದ್ದು 1973ರಲ್ಲಿ. ಅದನ್ನು ನೋಡಲು ಕೇರ್ನ್ಸ್ ಇರಲಿಲ್ಲ, 1952ರಲ್ಲೇ ಹೋಗಿಬಿಟ್ಟಿದ್ದರು.

ನಮ್ಮಲ್ಲಿ ಹೆಲ್ಮೆಟ್ ಕಡ್ಡಾಯ ಮಾಡುವ 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಂ ಇದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಬೆಂಗಳೂರಿನಲ್ಲಿ ಎಷ್ಟು ತಲೆಗಳ ಮೇಲೆ ಹಾಫ್ ಹೆಲ್ಮೆಟ್! ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ಹೊಡೆತವನ್ನು ಮುಖ್ಯವಾಗಿ ನುಂಗುವುದು ಒಳಗಿನ ಥರ್ಮಾಕೋಲ್ ಪದರ. ಅದು ತಾನು ಜಜ್ಜಿಹೋಗಿ ಮಿದುಳಿಗೆ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಅಪ್ಪಳಿಸಿದ ಹೆಲ್ಮೆಟ್ಟನ್ನು, ಹೊರಗೆ ಗೀರೂ ಇಲ್ಲದಿದ್ದರೂ, ಮತ್ತೆ ಹಾಕಬಾರದು. ಬೀದಿಬದಿಯ ಹಾಫ್ ಹೆಲ್ಮೆಟ್‌ಗಳಲ್ಲಿ ಎಷ್ಟೋ ಸಲ ಆ ಪದರವೇ ಇರುವುದಿಲ್ಲ. ಐಎಸ್‌ಐ ಗುರುತು ಇದ್ದರೂ ಪಟ್ಟಿ ಬಿಗಿಯದಿದ್ದರೆ, ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಹಾರಿಹೋದೀತು.

ಇನ್ನು ಮಕ್ಕಳು. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಹೊಂದುವ ಹೆಲ್ಮೆಟ್ ಬೇಕು, ಸವಾರನಿಗೆ ಸೇರಿಸಿ ಬಿಗಿಯುವ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು. ಬೆಳಗ್ಗೆ ಶಾಲೆಯ ಹೊತ್ತಿಗೆ ನೋಡಿದರೆ ಅಪ್ಪನಿಗೆ ಹೆಲ್ಮೆಟ್ ಇದೆ, ಟ್ಯಾಂಕಿನ ಮೇಲೆ ಕೂತ ಮಗುವಿಗೆ ಇಲ್ಲ. ದಯವಿಟ್ಟು ಈ ವಾರವೇ ಒಂದು ಕೊಂಡುಬನ್ನಿ. ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ, ತಲೆಗೆ ಹಾಕಿಯೇ ಅಳತೆ ನೋಡಬೇಕು.