ಕತ್ತಿಯನ್ನೂ ಎಳೆಯುವ, ಚಿತ್ರವನ್ನೂ ಎಳೆಯುವ ‘ಡ್ರಾ’

ಮಕ್ಕಳೇ, ಇಂಗ್ಲಿಷಿನಲ್ಲಿ ‘ಡ್ರಾ’ ಎಂದರೆ ಚಿತ್ರ ಬಿಡಿಸುವುದು ಎಂದು ನಿಮಗೆ ಗೊತ್ತು. ಆದರೆ ರಾಜರಾಣಿಯರ ಕಥೆ ಓದುವಾಗ ಸೈನಿಕ ತನ್ನ ಕತ್ತಿಯನ್ನು ‘ಡ್ರಾ’ ಮಾಡಿದ ಎಂದು ಬರುತ್ತದೆ. ಯುದ್ಧದ ನಡುವೆ ಅವನು ಕತ್ತಿಯ ಚಿತ್ರ ಬರೆಯುತ್ತಾ ಕೂರಲಿಲ್ಲ! ಒರೆಯಿಂದ ಕತ್ತಿಯನ್ನು ಹಿರಿದ, ಅಷ್ಟೆ.

ಈ ಪದದ ಮೂಲ ಅರ್ಥವೇ ‘ಎಳೆ’. ಕತ್ತಿಯನ್ನು ಒರೆಯಿಂದ ಎಳೆಯಬೇಕು, ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಎಳೆಯಬೇಕು, ಕುದುರೆ ಗಾಡಿಯನ್ನು ಎಳೆಯಬೇಕು, ಬಾವಿಯಿಂದ ನೀರನ್ನೂ ಎಳೆಯಬೇಕು. ಎಲ್ಲಕ್ಕೂ ಇಂಗ್ಲಿಷಿನವರಿಗೆ ‘ಡ್ರಾ’ ಒಂದೇ ಸಾಕು. ನಾವಾದರೋ ಕತ್ತಿ ಹಿರಿಯುತ್ತೇವೆ, ನೀರು ಸೇದುತ್ತೇವೆ. ಮೇಜಿನ ‘ಡ್ರಾಯರ್’ ಕೂಡ ಎಳೆದು ತೆರೆಯುವ ಪೆಟ್ಟಿಗೆಯೇ. ಚಿತ್ರ ಬಿಡಿಸುವಾಗಲೂ ಪೆನ್ಸಿಲನ್ನು ಕಾಗದದ ಮೇಲೆ ಎಳೆಯುತ್ತೇವಲ್ಲ? ಕನ್ನಡದಲ್ಲೂ ಗೆರೆಯನ್ನು ‘ಎಳೆ’ಯುತ್ತೇವೆ. ದೂರದ ಎರಡು ಭಾಷೆಗಳ ಜನರಿಗೆ ಒಂದೇ ಯೋಚನೆ ಹೊಳೆದದ್ದು ನನಗೆ ಬಹಳ ಇಷ್ಟವಾಗುವ ಸಂಗತಿ.

ಈ ಪದ ಎಲ್ಲಿಂದ ಬಂತು? 5ನೇ ಶತಮಾನದಲ್ಲಿ ಈಗಿನ ಜರ್ಮನಿಯ ಉತ್ತರ ಭಾಗ ಮತ್ತು ಡೆನ್ಮಾರ್ಕ್ ಕಡೆಯಿಂದ ಆಂಗ್ಲರು, ಸ್ಯಾಕ್ಸನರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದು ನೆಲೆಸಿದರು. ಅವರ ಭಾಷೆಯೇ ಹಳೆಯ ಇಂಗ್ಲಿಷ್. ಅದರಲ್ಲಿ ಎಳೆಯುವುದಕ್ಕೆ ‘ಡ್ರಾಗನ್’ ಎನ್ನುತ್ತಿದ್ದರು. ಬೆಂಕಿ ಉಗುಳುವ ಡ್ರ್ಯಾಗನ್ನಿಗೂ ಇದಕ್ಕೂ ಸಂಬಂಧವಿಲ್ಲ. ಆ ಪ್ರಾಣಿಯ ಹೆಸರು ಗ್ರೀಕಿನಿಂದ ಬಂದದ್ದು.

ಹಾಗಾದರೆ ನಡುವಿನ ‘ಗ’ ಎಲ್ಲಿಗೆ ಹೋಯಿತು? ಅದನ್ನು ಬಾಯಿಯ ಹಿಂಭಾಗದಲ್ಲಿ ಮೆತ್ತಗೆ ಉಜ್ಜಿದಂತೆ ನುಡಿಯುತ್ತಿದ್ದರು. ಬರಬರುತ್ತಾ ಆ ಉಜ್ಜು ಇನ್ನೂ ಸಡಿಲವಾಗಿ, ತುಟಿ ದುಂಡಗಾಗಿ, ‘ವ’ ಆಯಿತು. ಕವಿ ಚಾಸರ್ ಬದುಕಿದ್ದ 14ನೇ ಶತಮಾನದ ಹೊತ್ತಿಗೆ ಪದ ‘ಡ್ರಾವೆನ್’ ಆಗಿತ್ತು. ಆಮೇಲೆ ಬಾಲವೂ ಉದುರಿತು.

ಇದು ಒಂದು ಪದಕ್ಕೆ ಮಾತ್ರ ಆದದ್ದಲ್ಲ ಎನ್ನುವುದೇ ಇಲ್ಲಿನ ವಿಜ್ಞಾನ. ಬಿಲ್ಲಿಗೆ ಹಳೆಯ ಇಂಗ್ಲಿಷಿನಲ್ಲಿ ‘ಬೊಗ’ ಎಂಬ ಹೆಸರಿತ್ತು, ಈಗ ‘ಬೋ’. ಕಾನೂನಿಗೆ ‘ಲಗು’, ಈಗ ‘ಲಾ’. ಒಂದೇ ಬಗೆಯ ಜಾಗದಲ್ಲಿ ಕೂತ ‘ಗ’ಗಳೆಲ್ಲ ಒಂದೇ ರೀತಿ ಬದಲಾಗಿವೆ. ಜರ್ಮನ್ ಭಾಷೆಯಲ್ಲಿ ಮಾತ್ರ ಬಿಲ್ಲು ಇಂದಿಗೂ ‘ಬೋಗನ್’. ಹೀಗೆ ಸೋದರ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿಯೇ ಭಾಷಾವಿಜ್ಞಾನಿಗಳು ಪದಗಳ ಹಳೆಯ ರೂಪ ಪತ್ತೆ ಮಾಡುವುದು.

ಕನ್ನಡದಲ್ಲೂ ಇಂಥ ನಿಯಮವಿದೆ. ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ಮುಂದೆ ಪದದ ಮೊದಲಲ್ಲಿದ್ದ ‘ಪ’ ‘ಹ’ ಆಯಿತು. ತಮಿಳಿನಲ್ಲಿ ‘ಪ’ ಹಾಗೇ ಉಳಿಯಿತು. ಹಾವು, ಹಲ್ಲು, ಹೂವು ಮೊದಲು ಹೇಗಿದ್ದಿರಬಹುದು? ನೀವೇ ಊಹಿಸಿ ಬರೆದಿಡಿ, ಆಮೇಲೆ ತಮಿಳು ಬಲ್ಲವರೊಬ್ಬರನ್ನು ಕೇಳಿ ಸರಿಯೋ ತಪ್ಪೋ ನೋಡಿ.